ತಿನ್ನದ ಹಣ್ಣಿನ ರೋಗನಿದಾನ

ಅಲರ್ಜಿಯ ಪೂರ್ವೇತಿಹಾಸವನ್ನು ಹೇಳಹೊರಟ ವೈದ್ಯಗ್ರಂಥಗಳ ಪೀಠಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕಥೆಯೊಂದುಂಟು: ಇಂಗ್ಲೆಂಡಿನ ಮೂರನೆಯ ರಿಚರ್ಡನು, ಇನ್ನೂ ಸಿಂಹಾಸನವನ್ನೇರದೆ ರಾಜ್ಯರಕ್ಷಕನೆನಿಸಿಕೊಂಡಿದ್ದ ಕಾಲದಲ್ಲಿ, ಸ್ಟ್ರಾಬೆರಿ ಹಣ್ಣು ತನ್ನ ಮೈಗೆ ಒಗ್ಗದೆಂಬುದನ್ನು ಬಲ್ಲವನಾಗಿ, ಅದನ್ನು ಬೇಕೆಂದೇ ತರಿಸಿ ತಿಂದು, ತೋಳಿನ ಮೇಲೆದ್ದ ಗಂಧೆಗಳನ್ನು ಸಭೆಗೆ ತೋರಿಸಿ, ಇದು ಶತ್ರುಗಳು ಮಾಡಿಸಿದ ಮಾಟದ ಫಲವೆಂದು ಸಾರಿ, ಲಾರ್ಡ್ ಹೇಸ್ಟಿಂಗ್ಸನ ತಲೆಯನ್ನು ತೆಗೆಸಿದನಂತೆ. ಈ ವ್ಯಾಖ್ಯಾನಕ್ಕೆ ಬಲು ಸೂಕ್ಷ್ಮವಾದದ್ದೆಂಬ ಕೀರ್ತಿ ಬಂದಿದೆ. ಸಾಹಿತ್ಯದ ಅಧ್ಯಾಪಕರು ವೈದ್ಯರ ಮಾತೆಂದು ಇದನ್ನು ನಂಬುತ್ತಾರೆ, ವೈದ್ಯರು ಸಾಹಿತ್ಯದ ಸಾಕ್ಷ್ಯವೆಂದು ನಂಬುತ್ತಾರೆ. ಮೂಲದ ಪುಟವನ್ನು ತೆರೆದು ನೋಡುವ ಹೊಣೆ ಇಬ್ಬರಿಗೂ ತಪ್ಪಿಹೋಗಿದೆ. ಈ ಕೀರ್ತಿ ಅಪಾತ್ರಕ್ಕೆ ಸಂದದ್ದೆಂದೂ, ಇದರಿಂದ ಸಾಹಿತ್ಯಕ್ಕೆ ಒಂದು ಬಗೆಯ ಹಾನಿಯೂ ವೈದ್ಯಕ್ಕೆ ಅದಕ್ಕಿಂತ ದೊಡ್ಡ ಹಾನಿಯೂ ಆಗಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ಮೂಲವೆಂದರೆ ಥಾಮಸ್ ಮೋರನು 1513ರ ಸುಮಾರಿಗೆ ಕೈಗೆತ್ತಿಕೊಂಡು ಮುಗಿಸದೆ ಬಿಟ್ಟ, 1557ರಲ್ಲಿ ವಿಲಿಯಂ ರಾಸ್ಟೆಲನು ಮೋರನ ಇಂಗ್ಲಿಷ್ ಕೃತಿಗಳೊಡನೆ ಪ್ರಕಟಿಸಿದ ರಿಚರ್ಡನ ಚರಿತ್ರೆ. ಅದರ ಟ್ಯೂಡರ್ ಪಕ್ಷಪಾತ, ಲ್ಯಾಟಿನ್ ಮತ್ತು ಇಂಗ್ಲಿಷ್ ಪಾಠಗಳ ಸಂಬಂಧ, ಅದು ಹಾಲ್ ಮತ್ತು ಹಾಲಿನ್‌ಶೆಡ್ಡರ ಮೂಲಕ ಷೇಕ್ಸ್‌ಪಿಯರನ ಕೈಸೇರಿದ ಬಗೆ, ಇವೆಲ್ಲ ವಾಚಕರು ಬಲ್ಲ ಸಂಗತಿಗಳು. ನಮಗೆ ಬೇಕಾದದ್ದು ಅದರ ಒಂದೇ ಒಂದು ಪುಟ.

1483ನೆಯ ಇಸವಿಯ ಜೂನ್ 13, ಶುಕ್ರವಾರ. ಬಾಲರಾಜನ ಪಟ್ಟಾಭಿಷೇಕದ ಸಿದ್ಧತೆಗೆಂದು ಲಂಡನ್ ಟವರಿನಲ್ಲಿ ಸಾಮಂತರು ಕೂಡಿದ್ದಾರೆ. ಒಂಬತ್ತು ಗಂಟೆಯ ಹೊತ್ತಿಗೆ ರಿಚರ್ಡನು ಬಂದು, ಎಲ್ಲರಿಗೂ ವಿನಯದಿಂದ ವಂದಿಸಿ, ತಾನು ಹೆಚ್ಚು ಹೊತ್ತು ಮಲಗಿಬಿಟ್ಟೆನೆಂದು ನಗುನಗುತ್ತ ಕ್ಷಮೆ ಕೇಳಿ, ಈಲಿಯ ಬಿಷಪ್ಪನಾದ ಜಾನ್ ಮಾರ್ಟನನ ಕಡೆಗೆ ತಿರುಗಿ, ಹೋಲ್ಬರ್ನಿನ ಆತನ ತೋಟದಲ್ಲಿ ಒಳ್ಳೆಯ ಸ್ಟ್ರಾಬೆರಿಗಳಿವೆಯಲ್ಲಾ, ನಮಗೂ ಒಂದಿಷ್ಟು ತರಿಸಿಕೊಡಬಾರದೇ ಎಂದು ಕೇಳುತ್ತಾನೆ. ಬಿಷಪ್ಪನು ಸಂತೋಷದಿಂದ ಒಪ್ಪಿ ಆಳನ್ನು ಅಟ್ಟುತ್ತಾನೆ. ರಿಚರ್ಡನು ಸಭೆಯನ್ನು ಮಾತಿಗೆ ಹಚ್ಚಿ, ಸ್ವಲ್ಪ ಹೊತ್ತು ತನಗೆ ಅಪ್ಪಣೆಯಾಗಬೇಕೆಂದು ಹೊರಟುಹೋಗುತ್ತಾನೆ. ಹತ್ತು-ಹನ್ನೊಂದರ ನಡುವೆ ಅವನು ಮರಳಿ ಬಂದಾಗ ಮುಖವೇ ಬೇರೆಯಾಗಿದೆ: ಹುಬ್ಬು ಗಂಟಿಕ್ಕಿದೆ, ತುಟಿಯನ್ನು ಕಚ್ಚುತ್ತಿದ್ದಾನೆ. ವಿಧವೆ ರಾಣಿಯೂ ಶೋರನ ಹೆಂಡತಿಯೂ ಸೇರಿ ಮಾಟದಿಂದ ತನ್ನ ದೇಹವನ್ನು ಕ್ಷಯಿಸಿದರೆಂದು ಹೇಳಿ, ಎಡತೋಳಿನ ಅಂಗಿಯನ್ನು ಮೊಳಕೈವರೆಗೆ ಸರಿಸಿ ತೋರಿಸುತ್ತಾನೆ. ಮಧ್ಯಾಹ್ನದ ಊಟಕ್ಕೆ ಮುನ್ನವೇ ಹೇಸ್ಟಿಂಗ್ಸನ ಶಿರಚ್ಛೇದವಾಗುತ್ತದೆ.

ವೈದ್ಯರ ಪಕ್ಷಕ್ಕೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸೋಣ. ಅಂದಿನ ಜೂನ್ 13 ಈಗಿನ ಪಂಚಾಂಗದ ಪ್ರಕಾರ ಜೂನ್ 22 ಆಗುವುದರಿಂದ ಅದು ಸ್ಟ್ರಾಬೆರಿಯ ಕಾಲವೇ ಹೌದು. ಆಹಾರದ ಅಲರ್ಜಿಯು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ತಲೆದೋರುವುದರಿಂದ ಒಂದು ಗಂಟೆಯ ಅಂತರವೂ ಹೊಂದುವಂತೆ ತೋರುತ್ತದೆ. ಇಷ್ಟು ಮಾತ್ರ ಅವರ ಬಂಡವಾಳ.

ಇನ್ನು ಪುಟವನ್ನು ಓದೋಣ. ರಿಚರ್ಡನು ಸ್ಟ್ರಾಬೆರಿಯನ್ನು ತಿಂದನೆಂದು ಮೋರನು ಎಲ್ಲಿಯೂ ಹೇಳುವುದಿಲ್ಲ. ಹಣ್ಣು ಬಂದಿತೆಂದು ಕೂಡ ಹೇಳುವುದಿಲ್ಲ. ಬಿಷಪ್ಪನ ಆಳು ಹೋದದ್ದಷ್ಟೇ ನಮಗೆ ತಿಳಿಯುವುದು. ಅವನು ಮರಳಿ ಬರುವುದರೊಳಗೆ ಚರಿತ್ರಕಾರನ ಲಕ್ಷ್ಯವು ಬೇರೆಡೆಗೆ ಹರಿದು, ಆ ಬುಟ್ಟಿಯ ಸುದ್ದಿ ಶಾಶ್ವತವಾಗಿ ನಿಂತುಹೋಗುತ್ತದೆ. ಹೋಲ್ಬರ್ನಿಗೂ ಟವರಿಗೂ ನಡುವೆ ಸುಮಾರು ಎರಡು ಮೈಲಿ. ಹೋಗಿ ಹಣ್ಣನ್ನು ಬಿಡಿಸಿಕೊಂಡು ಬರುವುದಕ್ಕೆ ಕಾಲ್ನಡೆಯವನಿಗೆ ಗಂಟೆಗೆ ಮೀರಿದ ಹೊತ್ತು ಬೇಕು. ಕುದುರೆಯ ಮೇಲೆ ಹೋದನೆಂದೇ ಇಟ್ಟುಕೊಂಡರೂ, ಹಣ್ಣು ಬರಬೇಕು, ಸಭೆಯಲ್ಲಿರುವ ಬಿಷಪ್ಪನನ್ನು ಬಿಟ್ಟು ಎಲ್ಲಿಯೋ ಒಳಗಿರುವ ರಿಚರ್ಡನನ್ನು ಸೇರಬೇಕು, ಅವನು ತಿನ್ನಬೇಕು, ಗಂಧೆ ಏಳಬೇಕು, ಎದ್ದದ್ದು ನಿಶ್ಚಯವಾದ ಮೇಲೆ ಅವನು ಹೊರಬರಬೇಕು. ಇಷ್ಟನ್ನೂ ಆ ಒಂದು ಗಂಟೆಯೊಳಗೆ, ಮೂಲದ ಒಂದು ಅಕ್ಷರದ ಆಧಾರವೂ ಇಲ್ಲದೆ, ವ್ಯಾಖ್ಯಾನಕಾರನೇ ತುಂಬಿಕೊಡಬೇಕಾಗಿದೆ. ಷೇಕ್ಸ್‌ಪಿಯರನು ಈ ಸಂಗತಿಯನ್ನು ಇನ್ನೂ ಸ್ಪಷ್ಟಗೊಳಿಸಿದ್ದಾನೆ: ನಾಟಕದ ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ಬಿಷಪ್ಪನು ಹಣ್ಣಿಗೆ ಹೇಳಿಕಳುಹಿಸಿ ರಂಗಕ್ಕೆ ಹಿಂದಿರುಗಿದಾಗ ರಿಚರ್ಡನು ಬಕಿಂಗ್‌ಹ್ಯಾಮನೊಡನೆ ಹೊರಟುಹೋಗಿದ್ದಾನೆ, ಹಣ್ಣನ್ನು ಬೇಡಿದವನೆಲ್ಲಿ ಎಂದು ಆ ವೃದ್ಧನು ಕೇಳಬೇಕಾಗುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪವು ತೋಳಿನದು. ಗಂಧೆಯೆಂಬುದು ಊತ. ಚರ್ಮದೊಳಗಿನ ಕೆಲವು ಕೋಶಗಳಿಂದ ಹಿಸ್ಟಮಿನ್ ಹೊರಬಿದ್ದು, ಸೂಕ್ಷ್ಮರಕ್ತನಾಳಗಳು ದ್ರವವನ್ನು ಸೋರಗೊಟ್ಟು, ಅಲ್ಲಲ್ಲಿ ಚರ್ಮವು ಕೆಂಪಗೆ ಉಬ್ಬಿ ತುರಿಸುವುದೇ ಅದರ ಸ್ವರೂಪ. ಮೋರನ ಪುಟದಲ್ಲಿರುವುದಾದರೋ ಬತ್ತಿದ ತೋಳು, ಸೊರಗಿದ ಸಣ್ಣ ತೋಳು. ಊದಿದ್ದನ್ನು ಬತ್ತಿದ್ದೆಂದು ಯಾವ ಕಣ್ಣೂ ಕಾಣಲಾರದು. ಅಷ್ಟೇ ಅಲ್ಲ: ಆ ತೋಳು ಎಂದೂ ಬೇರೆಯಾಗಿದ್ದುದಿಲ್ಲವೆಂದೂ, ಹುಟ್ಟಿದಂದಿನಿಂದ ಅದು ಹಾಗೆಯೇ ಇದ್ದಿತೆಂಬುದನ್ನು ಅಲ್ಲಿದ್ದವರೆಲ್ಲರೂ ಬಲ್ಲವರಾಗಿದ್ದರಿಂದಲೇ ಇದು ಬರಿಯ ಜಗಳದ ನೆಪವೆಂದು ಅವರ ಮನಸ್ಸಿಗೆ ಅಂಜಿಕೆ ಹುಟ್ಟಿತೆಂದೂ ಮೋರನು ಒತ್ತಿ ಹೇಳುತ್ತಾನೆ. ಈ ಪುಟದ ಭಯಾನಕತೆಯೆಲ್ಲ ಇಲ್ಲಿಯೇ ನಿಂತಿದೆ. ಹೊಸದೇನೂ ಆಗಿಲ್ಲ, ಹೊಸದಾಗಿಲ್ಲವೆಂಬುದು ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತೆಂಬುದು ರಿಚರ್ಡನಿಗೂ ಗೊತ್ತು, ಆದರೂ ಇಲ್ಲವೆನ್ನುವ ಧೈರ್ಯ ಒಬ್ಬನಿಗೂ ಇಲ್ಲ. ಅಧಿಕಾರವು ಸುಳ್ಳನ್ನು ಸುಳ್ಳೆಂದು ತಿಳಿದವರ ಮುಂದೆಯೇ ಆಡಿ ಅದಕ್ಕೆ ತಲೆಬಾಗಿಸಿಕೊಳ್ಳುವ ಆ ಕ್ಷಣವನ್ನು ಕಂಡವನು ಮೋರನು. ಅಲ್ಲಿ ನಿಜವಾದ ಗಂಧೆಗಳನ್ನು ಎಬ್ಬಿಸಿದೊಡನೆ ರಿಚರ್ಡನ ಬಳಿ ಒಂದು ಸಾಕ್ಷ್ಯ ಬಂದುಬಿಡುತ್ತದೆ. ಸಭೆಯು ಅಂಜಿದ್ದು ಹೋಗಿ ಮೋಸಹೋದಂತಾಗುತ್ತದೆ. ಮಹಾಪ್ರಸಂಗವೊಂದು ಕ್ಷುದ್ರವಾದ ಯುಕ್ತಿಯ ಕಥೆಯಾಗಿ ಇಳಿಯುತ್ತದೆ.

ಪಾಲಿಡೋರ್ ವರ್ಜಿಲನ 1534ರ ಚರಿತ್ರೆಯಲ್ಲಿ ಇದೇ ಸಭೆಯ ವರ್ಣನೆಯಿದೆ, ಅಲ್ಲಿ ರಿಚರ್ಡನು ಕೆಲವು ದಿನಗಳಿಂದ ನಿದ್ರೆಯಿಲ್ಲ, ಅನ್ನಪಾನಗಳಿಲ್ಲ, ಮೈ ಕರಗುತ್ತಿದೆ ಎಂದು ದೂರುತ್ತಾನೆ, ಸ್ಟ್ರಾಬೆರಿಯ ಹೆಸರಿಲ್ಲ. ಇನ್ನು 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲುಗಡೆಯ ನೆಲದಡಿಯಲ್ಲಿ ದೊರೆತು ಮರುವರ್ಷ ರಿಚರ್ಡನದೆಂದು ಸಿದ್ಧವಾದ ಅಸ್ಥಿಗಳಲ್ಲಿ ಬೆನ್ನೆಲುಬು ವಕ್ರವಾಗಿತ್ತೇ ಹೊರತು ತೋಳು ಬತ್ತಿರಲಿಲ್ಲ. ಹೀಗೆ ಮೋರನ ತೋಳೇ ಐತಿಹಾಸಿಕವಲ್ಲವೆಂದಾದ ಮೇಲೆ, ಇಲ್ಲದ ತೋಳಿನ ಮೇಲೆ, ತಿನ್ನದ ಹಣ್ಣಿನಿಂದ, ಕಾಣದ ಗಂಧೆಯನ್ನು ಎಬ್ಬಿಸಿ ರೋಗನಿದಾನ ಮಾಡಿದ ಪಾಂಡಿತ್ಯವನ್ನು ಇನ್ನೂ ಹೊಗಳುತ್ತಿರುವುದೇಕೆ?

ಇಲ್ಲಿ ಎದುರಾಳಿಗಳು ವೈದ್ಯರು ಮಾತ್ರವಲ್ಲ. ಅಲರ್ಜಿಯ ಮಾತನ್ನು ತಿರಸ್ಕರಿಸುವ ಸಾಹಿತ್ಯವಿಮರ್ಶಕರಲ್ಲಿ ಒಂದು ಪಕ್ಷವು, ಸ್ಟ್ರಾಬೆರಿಯ ಎಲೆಗಳಡಿಯಲ್ಲಿ ಸರ್ಪವು ಅಡಗಿರುವುದೆಂಬ ನವೋದಯಕಾಲದ ಲಾಂಛನವನ್ನು ಹಿಡಿದು, ಬಿಷಪ್ಪನ ತೋಟದ ಹಣ್ಣು ಕಪಟದ ಸಂಕೇತವೆಂದು ಸಾರುತ್ತದೆ. ಲಾರೆನ್ಸ್ ರಾಸ್ ಅವರು 1960ರಲ್ಲಿ ಷೇಕ್ಸ್‌ಪಿಯರನ ಸ್ಟ್ರಾಬೆರಿಗಳನ್ನು ಕುರಿತು ಬರೆದ ಪ್ರಬಂಧವು ಡೆಸ್ಡಿಮೋನಳ ಕರವಸ್ತ್ರದ ಮಟ್ಟಿಗೆ ಗೌರವಾರ್ಹವಾದ ಕೆಲಸ. ಕಸೂತಿಯ ಹಣ್ಣು ಹೇಗೂ ಸಂಕೇತವಾಗಲೆಂದೇ ಹುಟ್ಟಿದ್ದು. ಆದರೆ ಆ ಕೀಲಿಯನ್ನು ಟವರಿನ ಬಾಗಿಲಿಗೂ ಹಾಕಹೊರಟವರನ್ನು ನಾನು ಒಪ್ಪಲಾರೆ. ಮುಖ್ಯಾರ್ಥಕ್ಕೆ ಬಾಧೆ ಬಂದಲ್ಲದೆ ಲಕ್ಷಣೆಗೆ ಎಡೆಯಿಲ್ಲವೆಂದು ನಮ್ಮ ಆಲಂಕಾರಿಕರು ಕಟ್ಟಿಟ್ಟ ನಿಯಮವು ಇಲ್ಲಿ ಬಹಳ ಉಪಯುಕ್ತ. ಜೂನ್ ತಿಂಗಳಲ್ಲಿ, ತೋಟವುಳ್ಳವನ ಬಳಿ, ಹಣ್ಣನ್ನು ಕೇಳುವುದರಲ್ಲಿ ಮುಖ್ಯಾರ್ಥಕ್ಕೆ ಯಾವ ಬಾಧೆಯುಂಟು? ವೈದ್ಯನು ಹಣ್ಣನ್ನು ವಿಷವಾಗಿಸಿದನು, ಲಾಂಛನವಾದಿಯು ಹಾವಾಗಿಸಿದನು. ಹಣ್ಣು ಹಣ್ಣಾಗಿಯೇ ಇದ್ದರೆ ಸಾಲದೆಂಬ ಅಸಹನೆ ಇಬ್ಬರದೂ ಒಂದೇ. ಇವರಲ್ಲಿ ವೈದ್ಯನ ದೋಷವೇ ಕ್ಷಮಾರ್ಹ, ಅವನಿಗೆ ಓದುವುದು ವೃತ್ತಿಯಲ್ಲ.

ಈ ಹಣ್ಣು ಪುಟದೊಳಗೆ ಬಂದದ್ದಾದರೂ ಹೇಗೆ? 1483ರಲ್ಲಿ ಐದು ವರ್ಷದ ಮಗುವಾಗಿದ್ದ ಮೋರನು, ಮುಂದೆ ಬಾಲ್ಯದಲ್ಲಿ ಇದೇ ಮಾರ್ಟನನ ಮನೆಯಲ್ಲಿ ಪರಿಚಾರಕನಾಗಿದ್ದನಷ್ಟೆ. ತೋಟದ ಒಡೆಯನೇ ಹೇಳಿದ ಕಥೆ ಇದಾಗಿದ್ದರೆ ಆಶ್ಚರ್ಯವಿಲ್ಲ. ಪ್ರಾಣಾಪಾಯದಿಂದ ಪಾರಾದವನ ನೆನಪು ರಾಜಕಾರಣವನ್ನು ಮರೆತರೂ, ಆ ಬೆಳಿಗ್ಗೆ ತನ್ನಿಂದ ಏನನ್ನು ಕೇಳಿದರೆಂಬುದನ್ನು ಮರೆಯದು. ಕೊಲೆಗೆ ಗಂಟೆಯೊಂದಿರುವಾಗ ಹಣ್ಣಿನ ಮಾತನ್ನಾಡಬಲ್ಲವನ ನಿರಾಳತೆಗಿಂತ ಹೆಚ್ಚಿನ ವ್ಯಂಗ್ಯಾರ್ಥವನ್ನು ಮೋರನು ಬಯಸಿದಂತೆ ಕಾಣುವುದಿಲ್ಲ. ಬಯಸಬೇಕಾಗಿಯೂ ಇಲ್ಲ.

ಸಾಹಿತ್ಯದ ಹಾನಿ ಇಷ್ಟಾದರೆ, ವೈದ್ಯದ ಹಾನಿ ಮನೆಗಳೊಳಗೆ ನಡೆಯುವುದು. ಸ್ಟ್ರಾಬೆರಿಯೆಂದರೆ ಅಲರ್ಜಿ ಎಂಬ ಸಾಹಚರ್ಯವು ಜನಮನದಲ್ಲಿ ಎಷ್ಟು ಬೇರೂರಿದೆಯೆಂದರೆ, ಯೂರೋಪಿಯನ್ ಒಕ್ಕೂಟವು ಪೊಟ್ಟಣದ ಮೇಲೆ ನಮೂದಿಸಲೇಬೇಕೆಂದು ಕಡ್ಡಾಯಮಾಡಿರುವ 14 ಪದಾರ್ಥಗಳಲ್ಲಿ ಸ್ಟ್ರಾಬೆರಿ ಇಲ್ಲವೆಂದರೆ ಅನೇಕರು ನಂಬುವುದಿಲ್ಲ. ಮಗುವಿಗೆ ಮೊದಲ ಬಾರಿ ಈ ಹಣ್ಣನ್ನು ಕೊಟ್ಟಾಗ ಬಾಯಿಯ ಸುತ್ತ ಕೆಂಪೇರುತ್ತದೆ. ಹುಳಿಯ ರಸವು ಜೊಲ್ಲಿನಿಂದ ನೆನೆದ ಎಳೆಯ ಚರ್ಮವನ್ನು, ವಿಶೇಷವಾಗಿ ಇಸುಬಿನ ಚರ್ಮವನ್ನು, ಕೆರಳಿಸಿದ್ದೇ ಬಹುಮಟ್ಟಿಗೆ ಅದಕ್ಕೆ ಕಾರಣ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಮೈಯೆಲ್ಲ ಗಂಧೆಯೇಳುವುದು, ತುಟಿ-ನಾಲಗೆಗಳು ಊದುವುದು, ವಾಂತಿಯಾಗುವುದು, ಉಸಿರು ಕಟ್ಟುವುದು ಬೇರೆ ಮಾತು. ಅದು ತಡಮಾಡದೆ ಚಿಕಿತ್ಸೆಗೆ ಓಡಬೇಕಾದ ಸಂಗತಿ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದ ಮನೆಗಳಲ್ಲಿ ಮಗು ವರ್ಷಗಟ್ಟಲೆ ಆ ಹಣ್ಣನ್ನು ಕಳೆದುಕೊಳ್ಳುತ್ತದೆ. ಅದರೊಡನೆ, ಸ್ಟ್ರಾಬೆರಿಯ ಗುಲಾಬಿಕುಲಕ್ಕೆ ಯಾವ ಸಂಬಂಧವೂ ಇಲ್ಲದ ಬ್ಲೂಬೆರಿಯನ್ನು ಕೂಡ.

ವಯಸ್ಕರ ಕಥೆ ಬೇರೆ. ಉತ್ತರ ಯೂರೋಪಿನಲ್ಲಿ ಬರ್ಚ್ ಮರದ ಪರಾಗಕ್ಕೆ ವರ್ಷವರ್ಷವೂ ಸೀನುತ್ತ ಬಂದವರಿಗೆ, ಆ ಪರಾಗದ ಮುಖ್ಯ ಪ್ರೋಟೀನನ್ನು ಹೋಲುವ ಪ್ರೋಟೀನು ಸ್ಟ್ರಾಬೆರಿಯಲ್ಲಿಯೂ ಇರುವುದರಿಂದ, ಮೊದಲು ಹಿತವಾಗಿದ್ದ ಹಣ್ಣೇ ಪ್ರಾಯದಲ್ಲಿ ಬಾಯಿ ತುರಿಸತೊಡಗುತ್ತದೆ. ಆ ಪ್ರೋಟೀನು ಶಾಖಕ್ಕೆ ಕೆಡುವುದರಿಂದ ಕುದಿಸಿದ ಜಾಮು ಸಾಮಾನ್ಯವಾಗಿ ಅವರನ್ನು ಬಾಧಿಸದು. ಮೆಡಿಟರೇನಿಯನ್ ತೀರದಲ್ಲಿ ಪೀಚ್ ಹಣ್ಣಿನಿಂದ ಮೊದಲಾಗುವ ಇನ್ನೊಂದು ಬಗೆಯಲ್ಲಿ ಅಪರಾಧಿ ಪ್ರೋಟೀನು ಶಾಖಕ್ಕೂ ಜಠರಕ್ಕೂ ಬಗ್ಗದು, ಪರಿಣಾಮವೂ ತೀವ್ರ. ಇವನ್ನು ಬೇರ್ಪಡಿಸಲು ವೈದ್ಯನು ಕೇಳುವ ಪ್ರಶ್ನೆಗಳು ಸುಪ್ರಸಿದ್ಧ: ತಿಂದದ್ದು ನಿಶ್ಚಯವೇ, ಹಸಿಯೋ ಬೇಯಿಸಿದ್ದೋ, ಎಷ್ಟು, ಎಷ್ಟು ಹೊತ್ತಿಗೆ ಏನು ಕಾಣಿಸಿತು, ಮೊದಲೂ ಹಾಗೆಯೇ ಇದ್ದಿತೇ. ಆಮೇಲೆ ತಾಜಾ ಹಣ್ಣಿಗೆ ಚುಚ್ಚಿದ ಸೂಜಿಯಿಂದ ಚರ್ಮಪರೀಕ್ಷೆ; ಸಂದೇಹ ಉಳಿದರೆ ತನ್ನ ಕಣ್ಣೆದುರಿನಲ್ಲಿ ತಿನ್ನಿಸಿ ನೋಡುವುದು. ರೋಗಿಯ ಕಥನದ ಮುಂದೆ ಇಷ್ಟು ಎಚ್ಚರದಿಂದ ಕೂರುವವನು, ಮೋರನ ಕಥನದ ಮುಂದೆ ಮೊದಲನೆಯ ಪ್ರಶ್ನೆಯನ್ನೂ ಕೊನೆಯ ಪ್ರಶ್ನೆಯನ್ನೂ ಕೇಳದೆ ತೀರ್ಪು ಕೊಟ್ಟಿದ್ದಾನೆ. ಅದನ್ನು ತನ್ನ ಶಾಸ್ತ್ರದ ಹೆಬ್ಬಾಗಿಲಿನಲ್ಲಿಯೇ, ಎಳೆಯ ವಿದ್ಯಾರ್ಥಿಗಳು ಮೊದಲು ಕಾಣುವ ಸ್ಥಳದಲ್ಲಿ, ನಿಲ್ಲಿಸಿದ್ದಾನೆ. ಕೇಳಿದ್ದು ಹಣ್ಣು, ಕಂಡದ್ದು ಕೋಪ, ಆದ್ದರಿಂದ ಹಣ್ಣೇ ಕಾರಣವೆಂಬ ಈ ತರ್ಕವನ್ನೇ ಗಾಬರಿಗೊಂಡ ತಂದೆತಾಯಿಗಳು ಮಗುವಿನ ವಿಷಯದಲ್ಲಿ ಮಾಡಿದಾಗ, ಅದನ್ನು ತಿದ್ದುವ ಅಧಿಕಾರ ಅವನಿಗೆ ಎಲ್ಲಿಂದ ಬರಬೇಕು?

ಪೀಠಿಕೆಗೆ ಸ್ಟ್ರಾಬೆರಿಯ ಕಥೆಯೊಂದು ಬೇಕೇಬೇಕೆಂದಿದ್ದರೆ ನಿಜವಾದದ್ದು ಇದೆ. ಸ್ವೀಡನ್ನಿನಲ್ಲಿ, ಕೆಂಪು ಹಣ್ಣನ್ನು ಸಹಿಸಲಾರದವರು ಬಿಳಿಯ ಸ್ಟ್ರಾಬೆರಿಯ ತಳಿಯೊಂದನ್ನು ತೊಂದರೆಯಿಲ್ಲದೆ ತಿನ್ನುತ್ತಿದ್ದುದನ್ನು ಗಮನಿಸಿ, ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹಕಾರಿಗಳೂ ಆ ಹಣ್ಣಿನ ಪ್ರೋಟೀನುಗಳನ್ನು ಪರೀಕ್ಷಿಸಿದಾಗ, ಬರ್ಚ್ ಪರಾಗವನ್ನು ಹೋಲುವ ಆ ಅಲರ್ಜಿಕಾರಕವು ಅದರಲ್ಲಿ ಇಲ್ಲವೆನ್ನುವಷ್ಟು ಕಡಮೆಯಾಗಿದ್ದುದು ಕಂಡುಬಂತು. ಹಣ್ಣಿಗೆ ಕೆಂಪನ್ನು ಕೊಡುವ ಕ್ರಿಯಾಸರಣಿಯು ತಗ್ಗಿದಲ್ಲಿ ಅದೂ ತಗ್ಗಿದ್ದಿತು. 2006ರಲ್ಲಿ ಪ್ರಕಟವಾದ ಆ ಶೋಧನೆಯಲ್ಲಿ ಹಣ್ಣನ್ನು ತಿಂದವರು ನಿಜವಾಗಿ ತಿಂದಿದ್ದರು.