ಅಧಿಕಾರ ಮತ್ತು ಅರ್ಹತೆ: ರಾಜ್ಯಶಾಸ್ತ್ರದ ಮಹಾಕೃತಿಗಳ ಓದನ್ನು ಕುರಿತು

‘ಅಧಿಕಾರ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಲೋಕವ್ಯವಹಾರದಲ್ಲಿ ಅದು ಪದವಿಯಿಂದ ಬರುವ ಆಜ್ಞಾಶಕ್ತಿ. ಶಾಸ್ತ್ರದಲ್ಲಿ ಅದು ಅರ್ಹತೆ. ವೇದಾಂತಗ್ರಂಥಗಳು ಆರಂಭದಲ್ಲಿಯೇ ವಿಷಯ, ಸಂಬಂಧ, ಪ್ರಯೋಜನಗಳೊಡನೆ ಅಧಿಕಾರಿಯ ಲಕ್ಷಣವನ್ನೂ ಹೇಳುವುದು ವಾಡಿಕೆ. ಅಲ್ಲಿ ಅಧಿಕಾರಿಯೆಂದರೆ ಆಳುವವನಲ್ಲ, ಆ ಜ್ಞಾನಕ್ಕೆ ತಕ್ಕವನು. ಒಂದೇ ಶಬ್ದದಲ್ಲಿ ನೆಲೆಸಿರುವ ಈ ಎರಡು ಅರ್ಥಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡುವುದು ವಿರಳ. ಕೂಡದಿದ್ದಾಗ ಏನಾಗುತ್ತದೆ, ಕೂಡುವಂತೆ ಮಾಡುವುದು ಹೇಗೆ ಎಂಬುದೇ ರಾಜ್ಯಶಾಸ್ತ್ರದ ಮಹಾಕೃತಿಗಳೆಲ್ಲವೂ ಎತ್ತಿಕೊಂಡಿರುವ ಪ್ರಶ್ನೆ. ಈ ದ್ವಂದ್ವವನ್ನು ಕೈದೀವಿಗೆಯಾಗಿ ಹಿಡಿದು ಓದಿದರೆ ಆ ಕೃತಿಗಳು ಪರೀಕ್ಷೆಯ ಪಾಠಗಳಾಗಿ ಉಳಿಯದೆ ಬಾಳಿಗೆ ಬೇಕಾದ ಗ್ರಂಥಗಳಾಗುತ್ತವೆ.

ಇಂತಹ ಓದಿಗೆ ಕನ್ನಡನಾಡಿನಲ್ಲಿಯೇ ತಕ್ಕ ನೆಲೆಯಿದೆ. ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಆ ಹಳ್ಳಿ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅವರು ಬಾಳಿದ ಮನೆಯೂ ಅವರ ಸಮಾಧಿಯೂ ಅಲ್ಲಿಯೇ ಇವೆ. ಅಣೆಕಟ್ಟು ಕಾರ್ಖಾನೆಗಳ ನಿರ್ಮಾತೃವೆಂದು ಅವರನ್ನು ಸ್ಮರಿಸುವುದು ಸಹಜ. ಆದರೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಅವರು ಬೇರೊಂದು ಕಾರಣಕ್ಕೆ ಮುಖ್ಯರು. 1912ರಿಂದ 1918ರವರೆಗೆ ಮೈಸೂರಿನ ದಿವಾನಪದವಿಯನ್ನು ವಹಿಸಿದ್ದು, ಅದನ್ನು ತಾವಾಗಿಯೇ ಬಿಟ್ಟುಬಂದವರು ಅವರು.

ಕಾಲದ ಯೋಗಾಯೋಗವೂ ಗಮನಾರ್ಹ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು 1905ರಲ್ಲಿ. ಮೂಲ ಅಚ್ಚಾದದ್ದು 1909ರಲ್ಲಿ. ಅದೇ 1909ರಲ್ಲಿ ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಗ್ರಂಥರೂಪದಲ್ಲಿ ಹೊರಬಂದ 1915ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅಮಾತ್ಯನ ಗುಣಪರೀಕ್ಷೆಯನ್ನು ವಿಸ್ತಾರವಾಗಿ ಹೇಳುವ ಪ್ರಾಚೀನ ಗ್ರಂಥವೂ ಆಧುನಿಕ ಅಮಾತ್ಯನೊಬ್ಬನ ಕಾರ್ಯವೂ ಒಂದೇ ರಾಜಧಾನಿಯಲ್ಲಿ ಒಟ್ಟಿಗೆ ಬೆಳಕು ಕಂಡವು.

ಅರ್ಥಶಾಸ್ತ್ರ ರಾಜ್ಯವನ್ನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳಾಗಿ ಕಾಣುತ್ತದೆ. ದಂಡವು ಇಲ್ಲಿ ಒಂದು ಅಂಗ ಮಾತ್ರ, ರಾಜ್ಯದ ಸರ್ವಸ್ವವಲ್ಲ. ಇದೇ ಈ ಗ್ರಂಥದ ವಿವೇಕ. ಆದರೆ ಅದರ ಮಿತಿಯೂ ಸ್ಪಷ್ಟವಾಗಿದೆ. ಅಮಾತ್ಯನನ್ನು ಗೂಢವಾಗಿ ಪರೀಕ್ಷಿಸುವ ಉಪಾಯಗಳನ್ನು ಕೌಟಿಲ್ಯ ಹೇಳುತ್ತಾನೆ. ರಾಜನಿಗೆ ಇಂದ್ರಿಯಜಯವನ್ನು ಬೋಧಿಸುತ್ತಾನೆ. ಆ ರಾಜನನ್ನು ಪ್ರಜೆ ಪರೀಕ್ಷಿಸುವ ಮಾರ್ಗವನ್ನು ಮಾತ್ರ ಹಾಕಿಕೊಡುವುದಿಲ್ಲ. ಪ್ರಜೆಯ ಅಸಂತೋಷ ಅವನಿಗೆ ಅಪಾಯದ ಸೂಚನೆ, ಹಕ್ಕಿನ ದನಿಯಲ್ಲ.

ಇಟಲಿಯ ಮಾಕಿಯಾವೆಲ್ಲಿ 1513ರಲ್ಲಿ ರಚಿಸಿದ ‘ರಾಜ’ ಎಂಬ ಕಿರುಗ್ರಂಥವನ್ನು ಅಧರ್ಮಬೋಧೆಯೆಂದು ತಳ್ಳಿಹಾಕುವವರುಂಟು. ಅದು ಅವಸರದ ತೀರ್ಪು. ವಂಶಾನುಗತವಾಗಿ ಬಂದ ರಾಜ್ಯಕ್ಕೂ ಹೊಸದಾಗಿ ಗೆದ್ದುಕೊಂಡ ರಾಜ್ಯಕ್ಕೂ ಇರುವ ಅಂತರವನ್ನು ಅಷ್ಟು ನಿಷ್ಠುರವಾಗಿ ತೋರಿಸಿದ ಕೃತಿಗಳು ಕಡಿಮೆ. ಹೊಸ ಪ್ರಭುವಿಗೆ ಬಲವಿರುತ್ತದೆ, ಮನ್ನಣೆಯಿರುವುದಿಲ್ಲ. ಆದುದರಿಂದ ಅವನು ಸದಾ ಭೀತ. ಈ ಮಾತನ್ನು ಅರಿಯಲು ಶರಣಸಾಹಿತ್ಯದ ಓದುಗರು ದೂರ ಹೋಗಬೇಕಾಗಿಲ್ಲ. ಮಂಗಳವೇಡೆಯ ಕಲಚುರಿ ಸಾಮಂತನಾಗಿದ್ದ ಬಿಜ್ಜಳ, ಚಾಲುಕ್ಯ ಮೂರನೆಯ ತೈಲಪನ ಕೈಯಿಂದ ಕಲ್ಯಾಣದ ಪ್ರಭುತ್ವವನ್ನು ಕಸಿದುಕೊಂಡವನು. ಸಿಂಹಾಸನ ದೊರೆತರೂ ಅದಕ್ಕೆ ತಕ್ಕ ಮನ್ನಣೆಯನ್ನು ಅವನು ಹೊರಗಿನಿಂದ ಗಳಿಸಬೇಕಾಗಿತ್ತು. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಪ್ರಸಂಗದಲ್ಲಿ ಅವನು ಆ ತಂದೆಯರಿಗೆ ವಿಧಿಸಿದ ಕ್ರೂರಶಿಕ್ಷೆಯನ್ನು ಪರಂಪರೆ ಮರೆತಿಲ್ಲ. ಮಾಕಿಯಾವೆಲ್ಲಿಯನ್ನು ಓದಿದವರಿಗೆ ಆ ಕ್ರೌರ್ಯದಲ್ಲಿ ಬಲದ ಪ್ರದರ್ಶನಕ್ಕಿಂತ ಹೆಚ್ಚಾಗಿ ಭಯದ ನಡುಕ ಕಾಣಿಸುತ್ತದೆ.

ಮನ್ನಣೆ ಎಲ್ಲಿಂದ ಬರುತ್ತದೆ? ಜರ್ಮನಿಯ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಇದಕ್ಕೆ ಮೂರು ಮೂಲಗಳನ್ನು ಗುರುತಿಸಿದ: ಪರಂಪರೆ, ವ್ಯಕ್ತಿಯ ಅಸಾಧಾರಣ ತೇಜಸ್ಸು, ಕಾನೂನು. ಮೈಸೂರಿನ ದಿವಾನಪದವಿಗೆ ಈ ವಿಂಗಡಣೆಯನ್ನು ಅನ್ವಯಿಸಿದರೆ ವಿಚಾರ ಜಟಿಲವಾಗುತ್ತದೆ. 1881ರ ರಾಜ್ಯಪುನರರ್ಪಣದಿಂದ ಸಿಂಹಾಸನವೇ ಬ್ರಿಟಿಷ್ ಸಾರ್ವಭೌಮತ್ವದ ಕರಾರಿಗೆ ಒಳಪಟ್ಟಿತ್ತು. ಅದನ್ನು ತುಸು ಸಡಿಲಿಸಿದ ಒಪ್ಪಂದವಾದದ್ದು 1913ರಲ್ಲಿ, ವಿಶ್ವೇಶ್ವರಯ್ಯನವರ ಕಾಲದಲ್ಲಿ. ದಿವಾನರ ಅಧಿಕಾರ ನಾಲ್ವಡಿ ಕೃಷ್ಣರಾಜ ಒಡೆಯರು ವಹಿಸಿಕೊಟ್ಟದ್ದು. 1881ರಲ್ಲಿ ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ಅಹವಾಲುಗಳನ್ನು ಮುಂದಿಡಬಹುದಾಗಿತ್ತೇ ಹೊರತು ದಿವಾನರನ್ನು ಇಳಿಸುವಂತಿರಲಿಲ್ಲ. ಹೀಗಾಗಿ ಆ ಪದವಿ ಎರವಲಿನ ಮೇಲೆ ಎರವಲು ತಂದ ಒಡವೆಯಂತಿತ್ತು.

ಆ ಎರವಲನ್ನು ಅವರು ಹೇಗೆ ಧರಿಸಿದರು? ಪದವಿಯನ್ನು ಒಪ್ಪುವ ಮೊದಲು ಬಂಧುಗಳನ್ನು ಕರೆದು, ತಮ್ಮಿಂದ ಯಾವ ಉಪಕಾರವನ್ನೂ ಅಪೇಕ್ಷಿಸಬಾರದೆಂದು ಹೇಳಿದರೆಂಬ ಮಾತು ನಾಡಿನಲ್ಲಿ ಪ್ರಸಿದ್ಧವಾಗಿದೆ. ಪ್ಲೇಟೋ ತನ್ನ ‘ಗಣರಾಜ್ಯ’ದಲ್ಲಿ ರಕ್ಷಕವರ್ಗಕ್ಕೆ ಸ್ವಂತ ಆಸ್ತಿಯನ್ನೂ ಸ್ವಂತ ಕುಟುಂಬವನ್ನೂ ನಿಷೇಧಿಸುತ್ತಾನೆ, ಆಳಲು ಆತುರಪಡದವನೇ ಆಳಲು ಯೋಗ್ಯನೆನ್ನುತ್ತಾನೆ. ಆ ಆದರ್ಶದ ಒಂದು ಕಿರಣ ಇಲ್ಲಿ ಹೊಳೆಯುತ್ತದೆ. 1951ರಲ್ಲಿ ಪ್ರಕಟವಾದ ಅವರ ವೃತ್ತಿಜೀವನದ ಸ್ಮರಣೆಗಳ ಗ್ರಂಥವೂ ಈ ಸಂಯಮಕ್ಕೆ ಸಾಕ್ಷಿ. ಅದರಲ್ಲಿ ಕಾರ್ಯಗಳ ವಿವರ ತುಂಬಿದೆ, ಕರ್ತೃವಿನ ಅಂತರಂಗ ವಿರಳ.

ಆದರೆ ವಿಮರ್ಶೆ ಇಲ್ಲಿಗೆ ನಿಲ್ಲುವಂತಿಲ್ಲ. ಪ್ಲೇಟೋವಿನ ವಾದದಲ್ಲಿ ಒಂದು ತೊಡಕುಂಟು. ಬಲ್ಲವನು ಆಳಬೇಕು, ಸರಿ, ಬಲ್ಲವನಾರೆಂದು ನಿರ್ಣಯಿಸುವವರಾರು? ಆತನ ಉತ್ತರ ‘ಬಲ್ಲವರೇ’ ಎಂಬುದು. ಮೈಸೂರಿನಲ್ಲಿ ಈ ತೊಡಕು ಗ್ರಂಥದಿಂದ ಹೊರಬಂದು ಕಚೇರಿಯ ಬಾಗಿಲಲ್ಲಿ ನಿಂತಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಸ್ಥಾನವಿಲ್ಲವೆಂಬ ಕೊರಗು ಬೆಳೆದು 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ವೀರಶೈವರೂ ಒಕ್ಕಲಿಗರೂ ಮುಸಲ್ಮಾನರೂ ಆ ಕೊರಗಿನಲ್ಲಿ ಭಾಗಿಗಳಾಗಿದ್ದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಆಯ್ಕೆಗೆ ಆಧಾರವಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಯಲ್ಲಿ ಪದವಿಯಿಂದ ನಿವೃತ್ತರಾದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು 1919ರಲ್ಲಿ ಸಮಿತಿ ಶಿಫಾರಸು ಮಾಡಿತು.

ಇಲ್ಲಿ ಒಂದು ಪಕ್ಷವನ್ನು ಖಳನಾಗಿಸುವುದು ಸುಲಭ, ಆದರೆ ಸತ್ಯವಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಶ್ರಮಿಸಿದವರು ಜನರ ಏಳಿಗೆಯನ್ನು ಬಯಸಲಿಲ್ಲವೆನ್ನಲಾಗದು. ಮೊದಲು ವಿದ್ಯೆ ಹರಡಲಿ, ಅರ್ಹತೆ ತಾನಾಗಿ ಬರುತ್ತದೆಂಬುದು ಅವರ ನಂಬಿಕೆ. ಆದರೆ ಅರ್ಹತೆಯನ್ನು ಅಳೆಯುವ ಕೋಲು ತಲೆಮಾರುಗಳಿಂದ ಒಂದೇ ಮನೆಯಲ್ಲಿದ್ದಾಗ, ಅಳತೆ ಎಷ್ಟೇ ಪ್ರಾಮಾಣಿಕವಾದರೂ ಫಲ ಒಂದೇ ಕಡೆಗೆ ವಾಲುತ್ತದೆ. ಅಧಿಕಾರಕ್ಕೆ ಅರ್ಹತೆ ಬೇಕೆಂಬುದು ಅರ್ಧ ಸತ್ಯ. ಅರ್ಹತೆ ಕಣ್ಣಿಗೆ ಬೀಳಲು ಅವಕಾಶ ಬೇಕೆಂಬುದು ಉಳಿದರ್ಧ. ಮುದ್ದೇನಹಳ್ಳಿಯ ಮಹನೀಯರ ಬಾಳು ಮೊದಲರ್ಧವನ್ನು ಉಜ್ವಲವಾಗಿ ತೋರಿಸಿತು. ಎರಡನೆಯದನ್ನು ಅವರ ರಾಜೀನಾಮೆಗೆ ನಿಮಿತ್ತವಾದ ವಿವಾದ ಕಲಿಸಿತು.

ಕಲ್ಯಾಣದ ಶರಣರು ಈ ಎರಡು ಅರ್ಧಗಳನ್ನೂ ಕೂಡಿಸಿದರೆಂಬುದೇ ಅವರ ರಾಜಕೀಯ ಮಹತ್ತ್ವ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೆನೆಯಬಹುದು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆತನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ; ಆತ ಮರುಮಾತಿಲ್ಲದೆ ನಡೆಯುತ್ತಾನೆ. ಲಕ್ಕಮ್ಮನಿಗೆ ಕುಲದ ಹಿರಿಮೆಯಿಲ್ಲ, ಪದವಿಯಿಲ್ಲ, ದಂಡವಿಲ್ಲ. ಆದರೂ ಆಕೆಯ ಮಾತು ನಡೆಯಿತು. ಅಲ್ಲಮಪ್ರಭುಗಳು ಏರಿದ ಪೀಠಕ್ಕೆ ಶೂನ್ಯಸಿಂಹಾಸನವೆಂಬ ಹೆಸರು ಬಂದುದರ ಮರ್ಮವೂ ಇಲ್ಲಿದೆ. ಅದರ ಹಿಂದೆ ಸೇನೆಯಿಲ್ಲ, ಬೊಕ್ಕಸವಿಲ್ಲ, ವಂಶವಿಲ್ಲ, ಅನುಭಾವವೊಂದೇ ಇದೆ. ಭಂಡಾರದ ಬೀಗದ ಕೈ ಹಿಡಿದಿದ್ದ ಬಸವಣ್ಣನವರು ಅದನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದಾಗ ಕಳೆದುಕೊಂಡದ್ದು ಪದವಿಯನ್ನು ಮಾತ್ರ. ಎಂಟುನೂರು ವರ್ಷಗಳಾದರೂ ಅವರ ಮಾತಿನ ಮನ್ನಣೆ ಕುಗ್ಗಿಲ್ಲ.

ಹಾಗಾದರೆ ಇಂತಹ ಕೃತಿಗಳನ್ನು ಓದುವವರು ಪ್ರತಿಯೊಂದರ ಮುಂದೆಯೂ ಮೂರು ಪ್ರಶ್ನೆಗಳನ್ನಿಡಬೇಕು. ಈ ಅಧಿಕಾರ ಯಾರಿಂದ ಬಂತು? ಯಾರಿಗೆ ಲೆಕ್ಕ ಒಪ್ಪಿಸಬೇಕು? ಬಿಡಬೇಕಾದಾಗ ಬಿಡಲು ಬರುತ್ತದೆಯೇ? ಕೌಟಿಲ್ಯ ಎರಡನೆಯ ಪ್ರಶ್ನೆಯಲ್ಲಿ ಎಡವುತ್ತಾನೆ, ಮಾಕಿಯಾವೆಲ್ಲಿ ಮೂರನೆಯದನ್ನು ಕೇಳುವುದೇ ಇಲ್ಲ, ಪ್ಲೇಟೋ ಮೊದಲನೆಯದರಲ್ಲಿ ಸುತ್ತುತ್ತಾನೆ. ಕೊರತೆಯಿದೆಯೆಂದು ಅವರು ತ್ಯಾಜ್ಯರಲ್ಲ. ಪ್ರಶ್ನೆಯನ್ನು ಹರಿತಗೊಳಿಸಿದವರು ಅವರೇ.

ಈ ಪ್ರಶ್ನೆಗಳನ್ನು ಅರಮನೆಗೆ, ಕಚೇರಿಗೆ ಮಾತ್ರ ಕೇಳಿ ಸುಮ್ಮನಾದರೆ ಓದು ಅಪೂರ್ಣ. ಪಟ್ಟಾಧಿಕಾರವೆಂಬ ಮಾತಿನಲ್ಲಿಯೂ ಅಧಿಕಾರವಿದೆ. ಮಠಕ್ಕೆ ಆಸ್ತಿಯಿರಬಹುದು, ವಿದ್ಯಾಸಂಸ್ಥೆಗಳಿರಬಹುದು, ಭಕ್ತರ ಸಂಖ್ಯೆಯಿರಬಹುದು. ಇವೆಲ್ಲ ಅಧಿಕಾರದ ಲೌಕಿಕ ಅರ್ಥಕ್ಕೆ ಸೇರಿದವು. ಶಾಸ್ತ್ರದ ಅರ್ಥ ಲಿಂಗಾಂಗಸಾಮರಸ್ಯದಲ್ಲಿ, ಕಾಯಕದಲ್ಲಿ, ದಾಸೋಹದಲ್ಲಿ ಇದೆ. ಮೊದಲನೆಯದು ಬೆಳೆದು ಎರಡನೆಯದು ಬಡವಾದರೆ ಅಲ್ಲಿ ಉಳಿಯುವುದು ಸಿಂಹಾಸನ ಮಾತ್ರ, ಶೂನ್ಯವಲ್ಲ. ಭಕ್ತರು ವಿನಯದಿಂದ, ಗುರುಗಳು ಸಮಾಧಾನದಿಂದ ಆ ಮೂರು ಪ್ರಶ್ನೆಗಳನ್ನು ಎದುರಿಸಿದಾಗಲೇ ರಾಜ್ಯಶಾಸ್ತ್ರದ ಓದು ಧರ್ಮದ ಓದೂ ಆಗುತ್ತದೆ.