ಸಿಕ್ಕಿದ ಚೀಲವನ್ನು ಯಾರಿಗೆ ಕೊಡಬೇಕು?

ಶಾಲೆಯಲ್ಲಿ ನಾವೆಲ್ಲ ಓದಿದ ಒಂದು ಕಥೆ ಇದೆ. ಬಡ ಹುಡುಗನಿಗೆ ದಾರಿಯಲ್ಲಿ ದುಡ್ಡಿನ ಚೀಲ ಸಿಗುತ್ತದೆ. ಅವನು ಅದನ್ನು ಪೊಲೀಸರಿಗೋ ಊರಿನ ಸಾಹುಕಾರರಿಗೋ ಒಪ್ಪಿಸುತ್ತಾನೆ. ಅವರು ಬೆನ್ನು ತಟ್ಟಿ ಬಹುಮಾನ ಕೊಡುತ್ತಾರೆ. ಪ್ರಾಮಾಣಿಕತೆಗೆ ಫಲ ಇದ್ದೇ ಇದೆ ಅನ್ನುವ ನೀತಿಯೊಂದಿಗೆ ಪಾಠ ಮುಗಿಯುತ್ತದೆ.

ಆಂಡಿ ಮುಲ್ಲಿಗನ್ ಎಂಬ ಇಂಗ್ಲಿಷ್ ಲೇಖಕನ ‘ಟ್ರ್ಯಾಶ್’ (2010) ಶುರುವಾಗುವುದೂ ಸಿಕ್ಕಿದ ಚೀಲದಿಂದಲೇ. ಹದಿಹರೆಯದವರಿಗಾಗಿ ಬರೆದ ಕಾದಂಬರಿ. ಬೆಹಾಲಾ ಎಂಬ ಕಸದ ಗುಡ್ಡೆಯಲ್ಲಿ ಹೆಕ್ಕಿ ಬದುಕುವ ಹದಿನಾಲ್ಕರ ರಫಾಯೆಲ್‌ಗೆ ಒಂದು ಚೀಲ ಸಿಗುತ್ತದೆ. ಒಳಗೆ ಪರ್ಸು, ಸ್ವಲ್ಪ ದುಡ್ಡು, ಒಂದು ಕೀಲಿಕೈ. ಅವತ್ತೇ ಪೊಲೀಸರು ಅದನ್ನು ಹುಡುಕಿಕೊಂಡು ಬಂದು ಬಹುಮಾನ ಘೋಷಿಸುತ್ತಾರೆ. ರಫಾಯೆಲ್ ಸುಳ್ಳು ಹೇಳುತ್ತಾನೆ. ಪೊಲೀಸರು ಇಷ್ಟು ಆಸೆ ತೋರಿಸ್ತಾ ಇದ್ದಾರೆ ಅಂದ್ರೆ ಆ ಚೀಲದಲ್ಲಿ ಎಂಥದೋ ಇದೆ ಅಂತ ಅವನಿಗೆ ಗೊತ್ತಾಗುತ್ತದೆ. ಗುಡ್ಡೆಯ ಮೇಲೆ ಬೆಳೆದ ಹುಡುಗನಿಗೆ ಅಷ್ಟು ಲೆಕ್ಕ ಬಾರದೇ ಇರ್ತದಾ?

ಮುಂದಿನದ್ದು ಪತ್ತೇದಾರಿ ವೇಗದಲ್ಲಿ ಓಡುತ್ತದೆ. ಕೀಲಿಕೈ ರೈಲು ನಿಲ್ದಾಣದ ಲಾಕರಿನದ್ದು, ಲಾಕರಿನಲ್ಲಿ ಒಂದು ಪತ್ರ. ಪತ್ರ ಬರೆದವನು ಹೊಸೆ ಆಂಜೆಲಿಕೊ, ಸೆನೆಟರ್ ಜಪಾಂಟನ ಮನೆಯ ಆಳು. ಬಡವರಿಗಾಗಿ ಬಂದ ವಿದೇಶಿ ನೆರವನ್ನು ಸೆನೆಟರ್ ನುಂಗಿದ್ದ. ಅದನ್ನು ಹೊಸೆ ಅವನ ಮನೆಯಿಂದಲೇ ಕದ್ದು, ಪೊಲೀಸ್ ವಿಚಾರಣೆಯಲ್ಲಿ ಸತ್ತುಹೋಗಿದ್ದಾನೆ. ದುಡ್ಡು ಎಲ್ಲಿದೆ ಅನ್ನುವುದು ಅಂಕಿಗಳ ಸಂಕೇತದಲ್ಲಿದೆ. ಸಂಕೇತ ಬಿಡಿಸಲು ಜೈಲಿನಲ್ಲಿರುವ ಒಬ್ಬ ಮುದುಕನ ಬೈಬಲ್ ಬೇಕು. ಸಾಫ್ಟ್‌ವೇರಿನವನಾದ ನನಗೆ ಈ ಭಾಗ ಖುಷಿ ಕೊಟ್ಟಿತು. ಅಂಕಿಗಳು ಕೈಯಲ್ಲಿದ್ದರೂ ಕೀ ಇಲ್ಲದಿದ್ದರೆ ಅದು ಬರೀ ಕಸ!

ಇಷ್ಟಾದರೆ ಒಳ್ಳೆ ಥ್ರಿಲ್ಲರ್ ಅಂತ ಹೇಳಿ ಬದಿಗಿಡಬಹುದಿತ್ತು. ಪುಸ್ತಕ ನಮ್ಮನ್ನು ಕಾಡುವುದು ಅದರ ಸ್ನೇಹದಿಂದ.

ರಫಾಯೆಲ್, ಗಾರ್ಡೊ, ಜುನ್‌ಜುನ್ ಅಂತ ಮೂವರು. ಜುನ್‌ಜುನ್‌ನನ್ನು ಎಲ್ಲರೂ ಕರೆಯುವುದು ಇಲಿ ಅಂತ; ಅವನ ವಾಸವೂ ಇಲಿಗಳ ಜೊತೆ ಗುಂಡಿಯಲ್ಲೇ. ಈ ಮೂವರು ಸ್ನೇಹದ ಬಗ್ಗೆ ಮಾತಾಡುವುದೇ ಕಡಿಮೆ, ಪಾಲು ಹಂಚುತ್ತಾರೆ. ಪರ್ಸಿನ ದುಡ್ಡಿನಲ್ಲಿ ಗಾರ್ಡೊನಿಗೆ ಪಾಲು ಸಿಗುತ್ತದೆ. ಇಲಿ ಹಿಂದೆ ನಿಲ್ದಾಣದಲ್ಲಿ ಬದುಕಿದವನು, ಆ ತಿಳಿವಳಿಕೆ ಅವನ ಪಾಲು. ಗಾರ್ಡೊ ಹೊಸೆಯ ಪತ್ರವನ್ನು ಬಾಯಿಪಾಠ ಮಾಡಿಕೊಂಡು ಜೈಲಿಗೆ ಹೋಗುತ್ತಾನೆ. ಪೊಲೀಸರು ರಫಾಯೆಲ್‌ನನ್ನು ಠಾಣೆಗೆ ಒಯ್ದು ಕಿಟಕಿಯಿಂದ ಹೊರಗೆ ತೂಗಾಡಿಸಿದಾಗಲೂ ಅವನು ಬಾಯಿ ಬಿಡುವುದಿಲ್ಲ. ಬ್ಯಾಂಕು, ವಕೀಲ, ಗುರುತಿನ ಚೀಟಿ ಯಾವುದೂ ಇಲ್ಲದವರಿಗೆ ಸ್ನೇಹಿತನೇ ಬ್ಯಾಂಕು, ಸ್ನೇಹಿತನೇ ಸಾಕ್ಷಿ.

ಇನ್ನೊಂದು ಮುಜುಗರದ ಸಂಗತಿ ಇದೆ. ಆ ಬೈಬಲ್ ಕೊಡಲು ಜೈಲಿನ ಕಾವಲುಗಾರ ಲಂಚ ಕೇಳುತ್ತಾನೆ. ಹುಡುಗರು ಕೊಡುತ್ತಾರೆ. ದುಡ್ಡು ಎಲ್ಲಿಂದ? ಮಿಷನ್ ಶಾಲೆಯ ತಿಜೋರಿಯಿಂದ ಇಲಿ ಕದಿಯುತ್ತಾನೆ, ಅದೂ ಅವರನ್ನು ನಂಬಿದ ಪಾದ್ರಿಯ ಶಾಲೆಯಿಂದ. ಅಂದರೆ ಭ್ರಷ್ಟಾಚಾರ ಬಯಲು ಮಾಡುವ ದಾರಿಯಲ್ಲಿ ಹುಡುಗರೂ ಅದರ ಸುಂಕ ಕಟ್ಟಿಯೇ ದಾಟಬೇಕು. ಲೇಖಕ ಇದನ್ನು ಮುಚ್ಚಿಡುವುದೂ ಇಲ್ಲ, ಇದಕ್ಕೆ ಪ್ರವಚನ ಕೊಡುವುದೂ ಇಲ್ಲ. ಸೆನೆಟರನ ಕಳ್ಳತನವೂ ಇಲಿಯ ಕಳ್ಳತನವೂ ಒಂದೇನಾ ಅಂತ ಓದುವ ಹುಡುಗನೇ ತಲೆ ಕೆಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಪುಸ್ತಕದ ಅತಿ ಪ್ರಾಮಾಣಿಕ ಭಾಗ ಇದು.

ಇಂಥದ್ದನ್ನು ಮಕ್ಕಳ ಕೈಗೆ ಕೊಡುವುದಾ ಅಂತ ನೀವು ಕೇಳಬಹುದು. ಬ್ರಿಟನ್ನಿನಲ್ಲೂ ಕೇಳಿದ್ದಾರೆ. ಬಿಬಿಸಿಯ ‘ಬ್ಲೂ ಪೀಟರ್’ ಪುಸ್ತಕ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿದ್ದ ಈ ಕಾದಂಬರಿಯನ್ನು ಹಿಂಸೆಯ ಕಾರಣ ಹೇಳಿ ಕೈಬಿಟ್ಟಿದ್ದರು. ನಮ್ಮಲ್ಲಿ ಆಕ್ಷೇಪ ಬರುವುದು ಬೇರೆ ಕಡೆಯಿಂದ: ಪುಣ್ಯಕೋಟಿಯ ನಾಡಿನಲ್ಲಿ ಮಕ್ಕಳಿಗೆ ಸುಳ್ಳು ಕಲಿಸುವುದೇ?

ಆದರೆ ಗೋವಿನ ಹಾಡನ್ನು ಇನ್ನೊಮ್ಮೆ ನೋಡಿ. ಕೊಟ್ಟ ಮಾತಿಗೆ ತಪ್ಪದೆ ಪುಣ್ಯಕೋಟಿ ಹಿಂತಿರುಗಿ ಬಂದಳು, ಸರಿ. ಆ ಕಥೆ ಗೆಲ್ಲಬೇಕಾದರೆ ಹುಲಿಗೂ ಮನಸ್ಸಾಕ್ಷಿ ಬೇಕಲ್ಲ ಮಾರಾಯ್ರೆ! ಅರ್ಬುತನಿಗೆ ನಾಚಿಕೆ ಆಗದಿದ್ದರೆ ದನವೂ ಹೋಯಿತು, ಕರು ತಬ್ಬಲಿಯಾಯಿತು, ಮುಗಿಯಿತು. ಬೆಹಾಲಾದ ಹುಲಿಗೆ ನಾಚಿಕೆ ಇಲ್ಲ. ಅಲ್ಲಿ ಕೊಟ್ಟ ಮಾತಿಗೆ ಬೆಲೆ ಇರುವುದು ಮೂವರು ಗೆಳೆಯರ ನಡುವೆ ಮಾತ್ರ. ಆ ಮಾತನ್ನು ಅವರು ಮುರಿಯುವುದಿಲ್ಲ. ಹಾಗಾಗಿ ಈ ಪುಸ್ತಕವೂ ಸತ್ಯದ ಕಡೆಯೇ ನಿಂತಿದೆ ಅನ್ನುತ್ತೇನೆ; ಸತ್ಯವನ್ನು ಯಾರ ಕೈಗೆ ಒಪ್ಪಿಸಬೇಕು ಅನ್ನುವ ಪ್ರಶ್ನೆಯನ್ನು ಸೇರಿಸಿದೆ, ಅಷ್ಟೇ.

ತಕರಾರುಗಳೂ ಇವೆ. ಒಂದು, ದೇಶಕ್ಕೆ ಹೆಸರಿಲ್ಲ. ಮುಲ್ಲಿಗನ್ ಫಿಲಿಪ್ಪೀನ್ಸ್‌ನಲ್ಲಿ ಇದ್ದು ಕಂಡದ್ದನ್ನು ಆಧರಿಸಿ ಬರೆದ, ಆದರೆ ಊರನ್ನು ಮಸುಕು ಮಾಡಿದ. 2014ರಲ್ಲಿ ಸಿನಿಮಾ ಮಾಡಿದ ಸ್ಟೀಫನ್ ಡಾಲ್ಡ್ರಿ ಕಥೆಯನ್ನು ಸಲೀಸಾಗಿ ಬ್ರೆಜಿಲ್ಲಿಗೆ ಎತ್ತಿಕೊಂಡು ಹೋದ. ಬಡತನ ಎಲ್ಲಾದರೂ ಒಂದೇ ಅನ್ನುವ ಹಾಗೆ! ದೇವನೂರ ಮಹಾದೇವರ ‘ಒಡಲಾಳ’ವನ್ನು ಹೀಗೆ ಎತ್ತಿ ಬೇರೆಡೆ ಇಡಲು ಸಾಧ್ಯವಾ? ಅಲ್ಲೂ ಕದ್ದ ಮಾಲಿದೆ, ಹುಡುಕುವ ಪೊಲೀಸರಿದ್ದಾರೆ, ಮಕ್ಕಳಿದ್ದಾರೆ. ಆದರೆ ಒಂದು ರಾತ್ರಿ ಇಡೀ ಮನೆ ಕೂತು ತಿನ್ನುವ ಕಡಲೆಕಾಯಿಗೆ ಆ ಹಟ್ಟಿಯದ್ದೇ ವಾಸನೆ ಇದೆ. ಸಾಕವ್ವನ ಮನೆಯವರಿಗೆ ಪೊಲೀಸರಿಂದ ಓಡಿಹೋಗಲು ಇನ್ನೊಂದು ಊರಿಲ್ಲ.

ಎರಡನೇ ತಕರಾರು ಅಲ್ಲೇ ಇದೆ. ‘ಟ್ರ್ಯಾಶ್’ನ ಹುಡುಗರು ಬಿರುಗಾಳಿಯಲ್ಲಿ ದುಡ್ಡನ್ನು ಗುಡ್ಡೆಯ ಮೇಲೆ ತೂರಿ, ದೂರದ ಕಡಲೂರಿಗೆ ಹೋಗಿ ಮೀನುಗಾರರಾಗುತ್ತಾರೆ. ಓದಲು ಹಿತ. ಆದರೆ ಗುಡ್ಡೆ ಅಲ್ಲೇ ಇರುತ್ತದೆ, ನಾಳೆ ಬೆಳಿಗ್ಗೆ ಲಾರಿಗಳೂ ಬರುತ್ತವೆ. ಮೂರು, ಕಥೆಗೆ ಮುಖ್ಯಳಾದ ಹೊಸೆಯ ಮಗಳು ಪಿಯಾಳ ಪಾಲಿಗೆ ಬಂದದ್ದು ಸ್ಮಶಾನದಲ್ಲಿ ಕಾಯುವ ಕೆಲಸ ಮಾತ್ರ.

ಹಾಗಿದ್ದೂ ಕುಕ್ಕುಂದೂರು, ಕಾರ್ಕಳದ ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಓದಿಸಬೇಕು ಅನ್ನುತ್ತೇನೆ. ಕಸದ ಗುಡ್ಡೆ ನಮಗೆ ದೂರದ ಮಾತಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂದು ಕೂತಿತ್ತು. ನಾವು ಎಸೆದದ್ದು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಹೆಕ್ಕುತ್ತಾರೆ ಅಂತ ಮಕ್ಕಳಿಗೆ ಗೊತ್ತಿರಲಿ.

ಓದಿಸಿದ ಮೇಲೆ ಈ ಕಥೆಯ ನೀತಿ ಏನು ಅಂತ ಮಾತ್ರ ಕೇಳಬೇಡಿ. ರಫಾಯೆಲ್ ಅವತ್ತೇ ಚೀಲವನ್ನು ಪೊಲೀಸರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತು ಬೇಕಾಗಬಹುದು, ಕಾಯಿರಿ.