‘ನೆರಳುಗಳ ಸೇನೆ’: ಉತ್ಸಾಹವಿಲ್ಲದ ವೀರ

ಶತ್ರುವಶವಾದ ನಾಡಿನಲ್ಲಿ ಗುಪ್ತವಾಗಿ ಹೋರಾಡಿದವರನ್ನು ಕುರಿತ ಚಲಚ್ಚಿತ್ರಗಳಲ್ಲಿ ಸೇತುವೆಗಳು ಸಿಡಿಯುವುದೂ ರೈಲುಗಳು ಉರುಳುವುದೂ ವಾಡಿಕೆ. ಫ್ರಾನ್ಸಿನ ಜಾನ್-ಪಿಯೆರ್ ಮೆಲ್ವಿಲ್ಲನು 1969ರಲ್ಲಿ ತೆರೆಗೆ ತಂದ ‘ನೆರಳುಗಳ ಸೇನೆ’ಯಲ್ಲಿ ಇವೊಂದೂ ಇಲ್ಲ. ಜೋಸೆಫ್ ಕೆಸೆಲ್ಲನು 1943ರಲ್ಲಿ, ಯುದ್ಧವಿನ್ನೂ ಮುಗಿಯದಿರುವಾಗಲೇ, ಪ್ರಕಟಿಸಿದ ಗ್ರಂಥವೇ ಇದಕ್ಕೆ ಮೂಲ. ಮೆಲ್ವಿಲ್ಲನೂ ಆ ಹೋರಾಟದಲ್ಲಿದ್ದವನು. ಮನೆತನದ ಹೆಸರನ್ನು ಮರೆಮಾಡಿ ಅಮೆರಿಕದ ಕಾದಂಬರಿಕಾರನ ಹೆಸರನ್ನು ತಾಳಿದುದು ಆಗಲೇ.

ಚಿತ್ರದ ತಿರುಳು ಮಾರ್ಸೇಲ್ ನಗರದ ಒಂದು ಬಾಡಿಗೆ ಮನೆಯಲ್ಲಿದೆ. ಜರ್ಮನರಿಗೆ ಸುಳಿವು ಕೊಟ್ಟ ತಮ್ಮವನೇ ಆದ ಒಬ್ಬ ಹುಡುಗನನ್ನು ಜೆರ್ಬಿಯೆ ಮತ್ತು ಇಬ್ಬರು ಸಂಗಡಿಗರು ಅಲ್ಲಿಗೆ ಕರೆತರುವರು. ಪಕ್ಕದ ಮನೆಗೆ ಹೊಸದಾಗಿ ಒಕ್ಕಲು ಬಂದಿದೆ. ಗುಂಡು ಹಾರಿಸಿದರೆ ಕೇಳಿಸುವುದು. ಚೂರಿಯಿಲ್ಲ. ಏನು ಮಾಡುವುದೆಂದು ಆ ಹುಡುಗನ ಎದುರಿನಲ್ಲಿಯೇ ಪಿಸುಮಾತಿನಲ್ಲಿ ಚರ್ಚೆ ನಡೆದು, ಕೊನೆಗೆ ಅಡಿಗೆಮನೆಯ ಒಂದು ವಸ್ತ್ರದಿಂದ ಅವನ ಕೊರಳನ್ನು ಬಿಗಿಯುವರು. ಹಿನ್ನೆಲೆಯ ಸಂಗೀತವು ಕೊಂದವರಿಗಾಗಲಿ ನೋಡುವವರಿಗಾಗಲಿ ನೆರವಾಗುವುದಿಲ್ಲ. ದ್ರೋಹಿ ಸತ್ತನೆಂದು ಸಂತೋಷಪಡಲು ಯಾರಿಗೂ ಮುಖವಿರುವುದಿಲ್ಲ.

ವೀರಕ್ಕೆ ಉತ್ಸಾಹವೇ ಸ್ಥಾಯಿಯೆಂದು ನಮ್ಮ ಆಲಂಕಾರಿಕರ ಮತ. ಇಲ್ಲಿ ಆ ಉತ್ಸಾಹವನ್ನು ದೀಪ ಹಿಡಿದು ಹುಡುಕಿದರೂ ಕಾಣದು. ಬಣ್ಣಗಳು ಕೂಡ ಬೂದಿನೀಲಿಯಲ್ಲಿ ಮುಳುಗಿವೆ. ಆದರೂ ಇದು ವೀರವಲ್ಲವೆನ್ನಲು ಮನಸ್ಸು ಬಾರದು. ಶಾಸ್ತ್ರವು ಸಂಚಾರಿಗಳ ಸಾಲಿನಲ್ಲಿ ಕುಳ್ಳಿರಿಸಿದ ಧೃತಿಯೇ ಇಲ್ಲಿ ಸ್ಥಾಯಿಯ ಪೀಠವನ್ನೇರಿದೆಯೆಂದರೆ ಲಾಕ್ಷಣಿಕರು ಕ್ಷಮಿಸಬೇಕು. ಸೆರೆಯಲ್ಲಿರುವ ಫೆಲಿಕ್ಸನನ್ನು ಸೇರಲೆಂದು ಜಾನ್-ಫ್ರಾನ್ಸ್ವಾ ಎಂಬವನು ತನ್ನ ಮೇಲೆ ತಾನೇ ದೂರು ಬರೆದು ಬಂಧಿತನಾಗುವನು. ಮಾತಿಲ್ಡಳು ಜರ್ಮನ್ ದಾದಿಯ ವೇಷದಲ್ಲಿ ಬಂದರೂ, ಚಿತ್ರಹಿಂಸೆಯಿಂದ ಜರ್ಝರಿತನಾದ ಫೆಲಿಕ್ಸನನ್ನು ಸಾಗಿಸುವಂತಿಲ್ಲವೆಂದು ವೈದ್ಯನು ತಡೆಯುವನು. ಆಗ ಜಾನ್-ಫ್ರಾನ್ಸ್ವಾ, ತನ್ನಲ್ಲಿ ಹಲವಿವೆಯೆಂದು ಸುಳ್ಳು ಹೇಳಿ, ಇದ್ದೊಂದೇ ವಿಷದ ಗುಳಿಗೆಯನ್ನು ಗೆಳೆಯನಿಗೆ ಕೊಡುವನು. ಈ ತ್ಯಾಗವು ಹೊರಗಿನವರಾರಿಗೂ ತಿಳಿಯದು.

ಲಂಡನ್ನಿನ ಭಾಗವು ಸಡಿಲ. ಜನರಲ್ ದಗಾಲನು ಪದಕ ತೊಡಿಸುವ ದೃಶ್ಯವನ್ನು ಕಂಡು, 1968ರ ಮೇ ತಿಂಗಳ ಗಲಭೆಯ ಕಾವು ಆರದ ಪ್ಯಾರಿಸ್ಸಿನ ಕೆಲವು ವಿಮರ್ಶಕರು ಇಡೀ ಚಿತ್ರವನ್ನೇ ಅವನ ಸ್ತುತಿಪಾಠವೆಂದು ಜರೆದರು. ಅಮೆರಿಕದ ಚಿತ್ರಮಂದಿರಗಳನ್ನು ಇದು ಮುಟ್ಟಿದುದು 2006ರಲ್ಲಿ. ಒಂದು ದೃಶ್ಯದ ಸಿಟ್ಟಿಗೆ ಇಷ್ಟು ದಂಡ ಅತಿಯಾಯಿತು.

ಜೆರ್ಬಿಯೆಯೂ ಒಮ್ಮೆ ಸೆರೆಯಾಗುವನು. ಬಂದೂಕಿನ ಮುಂದೆ ಓಡೆಂದು ಅಧಿಕಾರಿಯು ಆಜ್ಞಾಪಿಸಿದಾಗ, ಓಡೆನೆಂದು ಸಂಕಲ್ಪಿಸಿದ್ದವನು ಓಡಿಬಿಡುವನು. ಓಡಿದುದರಿಂದಲೇ ಮಾತಿಲ್ಡಳು ಹವಣಿಸಿದ ಹೊಗೆಯೂ ಹಗ್ಗವೂ ಅವನನ್ನು ಉಳಿಸುವುವು. ನಾಚಿಕೆ ಮಾತ್ರ ಉಳಿದವನ ಬೆನ್ನು ಬಿಡದು. ಮುಂದೆ ಅದೇ ಮಾತಿಲ್ಡಳು ಸಿಕ್ಕಿಬೀಳುವಳು. ಬೇಡವೆಂದರೂ ಚೀಲದಲ್ಲಿಟ್ಟುಕೊಂಡಿದ್ದ ಮಗಳ ಭಾವಚಿತ್ರವೊಂದರಿಂದ ಗೆಸ್ಟಾಪೊದವರು ತಾಯಿಯ ಮರ್ಮವನ್ನು ಹಿಡಿಯುವರು. ಬಿಡುಗಡೆಯಾಗಿ ಬೀದಿಯಲ್ಲಿ ನಡೆದುಬರುತ್ತಿರುವ ಆಕೆಯನ್ನು ಸಂಗಡಿಗರೇ ಗುಂಡಿಕ್ಕುವರು. ಸಾವನ್ನು ಅವಳೇ ಬಯಸಿದ್ದಳೆಂಬ ಅವರ ತರ್ಕವು ನಿಜವೋ ಆತ್ಮಸಮಾಧಾನವೋ ಎಂಬುದನ್ನು ಮೆಲ್ವಿಲ್ಲನು ಹೇಳಿಲ್ಲ. ಸಿಮೋನ್ ಸಿನ್ಯೋರೆಯ ಕಣ್ಣುಗಳು ಕಾರಿನೊಳಗಿದ್ದವರನ್ನು ಗುರುತಿಸಿ ಕ್ಷಣಕಾಲ ನಿಲ್ಲುವುವು, ಅಷ್ಟೆ. ಅನಂತರ ಆ ಕಾರಿನಲ್ಲಿದ್ದ ನಾಲ್ವರೂ ಹೇಗೆ ಸತ್ತರೆಂಬುದನ್ನು ತೆರೆಯ ಮೇಲಿನ ಅಕ್ಷರಗಳು ತಿಳಿಸುವುವು. ಕೊನೆಯ ಹೆಸರು ಜೆರ್ಬಿಯೆಯದು: 1944ರ ಫೆಬ್ರವರಿ 13ರಂದು, ಈ ಸಲ ಓಡದಿರಲು ಅವನು ನಿಶ್ಚಯಿಸಿದನು.